ಮೊಸರು ಒಡೆಯದ ಕಾರು

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಒಂದು ಕಾಯಿಲೆ ಇತ್ತು. ಆಷಾಢ ಬಂತೆಂದರೆ ದಿನಕ್ಕೆ ನೂರು ಸಲ ಧಡ್ ಎಂದು ಬಡಿದುಕೊಳ್ಳುವುದು. ಬಡಗಿ ಬಂದು ನೋಡಿ, ಬಾಗಿಲಲ್ಲ, ಚೌಕಟ್ಟೇ ಹೋಗಿದೆ ಅಂದ. ಚೌಕಟ್ಟು ನೋಡಿದ ಗಾರೆಯವನು ಗೋಡೆಯೇ ಹೋಗಿದೆ ಅಂದ. ಇನ್ನೊಬ್ಬರನ್ನು ಕರೆಸಿದ್ದರೆ ಚಾಮರಾಜಪೇಟೆಯೇ ಹೋಗಿದೆ ಅನ್ನುತ್ತಿದ್ದರೋ ಏನೋ, ನಾನು ಕರೆಸಲಿಲ್ಲ. ನಮ್ಮ ಅಳಿಯಂದಿರು ಕಾಲೇಜಿನಲ್ಲಿ ಪಾಠ ಹೇಳುವವರು. ಅವರು ಗಾಳಿಯ ಒತ್ತಡದ ವಿಷಯ ಕಾಲು ಗಂಟೆ ವಿವರಿಸಿದರು. ಬಾಗಿಲು ಅಷ್ಟನ್ನೂ ಕೇಳಿಸಿಕೊಂಡು, ಧಡ್ ಎಂದಿತು.

ಕಳೆದ ಭಾನುವಾರ ಮೊಮ್ಮಗಳು ಅಪೂರ್ವ ಬಂದಿದ್ದಳು. ವಯಸ್ಸು ಹತ್ತು. ನನ್ನ ಹಿಟ್ಟಿನ ಗಿರಣಿಯ ಹಳೇ ಸಾಮಾನಿನ ಪೆಟ್ಟಿಗೆ ಕೆದಕಿ, ಎರಡು ಕಬ್ಬಿಣದ ತಗಡಿನ ನಡುವೆ ಕಪ್ಪು ರಬ್ಬರ್ ಅಂಟಿಕೊಂಡಿದ್ದ ಒಂದು ಮುದ್ದೆಯನ್ನು ಹೊರಗೆ ತೆಗೆದಳು. ನೇರ ಹೋಗಿ ಬಾಗಿಲ ಸಂದಿಗೆ ತುರುಕಿದಳು. ಅಷ್ಟೇ. ಬಾಗಿಲು ಬಾಯಿ ಮುಚ್ಚಿತು.

ಬೇರೆಯವರು ಮೊಮ್ಮಕ್ಕಳ ಪ್ರತಾಪ ಹೇಳಲು ಶುರು ಮಾಡಿದರೆ ನನಗೆ ಆಕಳಿಕೆ ಬರುತ್ತದೆ. ಎಲ್ಲ ಮಕ್ಕಳೂ ಮಾಡುವುದನ್ನೇ ಮಾಡಿರುತ್ತವೆ, ಈ ಮುದುಕರು ಊರು ತುಂಬ ಡಂಗುರ ಹೊಡೆಯುತ್ತಾರೆ. ನನ್ನ ಮೊಮ್ಮಗಳ ವಿಷಯ ಹಾಗಲ್ಲ ನೋಡಿ. ಅದಕ್ಕೇ ಹಾಲಿನವನಿಗೆ ಎರಡು ಸಲ ಹೇಳಿದೆ, ಇಸ್ತ್ರಿಯವನಿಗೆ ಕರೆದು ತೋರಿಸಿದೆ, ಗವಿಪುರದ ಗುಡಿಯಲ್ಲಿ ಅರ್ಚಕರು ಗೋತ್ರ ಕೇಳಿದಾಗ ಬಾಗಿಲ ಕಥೆ ಹೇಳಿದೆ. ಈಗ ನಿಮ್ಮ ಸರದಿ.

ಬಾಗಿಲು ಸುಮ್ಮನಾದ ಮೇಲೆ ಅವಳು ಕೇಳಿದಳು, "ತಾತಾ, ಏನಿದು? ಹೊಸದಾಗೇ ಇದೆಯಲ್ಲ."

ಅದು ಕಾರಿನ ಇಂಜಿನ್ ಕೂರುವ ಮಣೆ ಅಂದೆ. ಇಂಜಿನ್ ಅನ್ನುವುದು ಮದುಮಗನ ಥರ, ಹಾಗೇ ಬರೀ ನೆಲದ ಮೇಲೆ ಕೂರುವುದಿಲ್ಲ, ಕೂರಿಸಲೂಬಾರದು. ಕೆಳಗೆ ರಬ್ಬರಿನ ಮಣೆ ಹಾಕಬೇಕು. ಮೆಕ್ಯಾನಿಕ್ಕುಗಳು ಅದನ್ನು ಮೌಂಟಿಂಗ್ ಅಂತಾರೆ. ಇಷ್ಟು ಜ್ಞಾನ ನನಗೆ ಬಂದದ್ದು ಸುಲಭವಾಗಿ ಅಲ್ಲ. ಅದು ಬರುವ ಹೊತ್ತಿಗೆ ನನ್ನ ಬೀಗಿತ್ತಿಯವರ ಮುಂದೆ ನನ್ನ ಮಾನ ಮೊಸರಾಗಿ, ಮೊಸರು ಮಜ್ಜಿಗೆಯಾಗಿತ್ತು. ಬರೀ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಮಜ್ಜಿಗೆಯೇ ಆಗಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾಗಡಿ ಹತ್ತಿರದ ಹಳ್ಳಿಯಲ್ಲಿ. ಐದನೇ ಕ್ಲಾಸಿಗೆ ಹೋಗಬೇಕಾದವನು ಚಾಮರಾಜಪೇಟೆಯಲ್ಲಿದ್ದ ಸೋದರಮಾವನ ಹಿಟ್ಟಿನ ಗಿರಣಿಗೆ ಬಂದೆ. ರೆಪ್ಪೆ, ಕಿವಿ, ಮೂಗಿನ ಹೊಳ್ಳೆ ಎಲ್ಲದರಲ್ಲೂ ಹಿಟ್ಟು. ರಾಗಿಯ ದಿನ ಕಂದು ಹುಡುಗ, ಅಕ್ಕಿಯ ದಿನ ಬಿಳಿ ಹುಡುಗ, ಮೆಣಸಿನಕಾಯಿಯ ದಿನ ಬರೀ ಸೀನು. ಮಾವನಿಗೆ ಒಂದು ಪರೀಕ್ಷೆ ಇತ್ತು. ಗಿರಣಿ ಓಡುತ್ತಿರುವಾಗ ಅದರ ಕಲ್ಲಿನ ಕಟ್ಟೆಯ ಮೇಲೆ ಎಂಟಾಣೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವುದು. ನಾಣ್ಯ ನಿಂತರೆ ಗಿರಣಿ ಸರಿ. ಬಿದ್ದರೆ ಎಲ್ಲೋ ಬೋಲ್ಟು ಸಡಿಲ, ಹಿಟ್ಟು ತರಿತರಿ, ನನ್ನ ಬೆನ್ನಿಗೆ ಏಟು. ಹೀಗೆ ನನ್ನ ತಲೆಗೆ ಒಂದೇ ಒಂದು ವಿದ್ಯೆ ಹತ್ತಿತು. ಯಂತ್ರ ಅಂದಮೇಲೆ ಅದನ್ನು ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಸಿ, ಬಿಗಿದು, ಉಸಿರಾಡದ ಹಾಗೆ ಕೂರಿಸಬೇಕು. ಅಲ್ಲಾಡುವುದು ಅಂದರೆ ಸೋಮಾರಿತನ. ಮುಂದೆ ಗಿರಣಿ ನನ್ನ ಕೈಗೆ ಬಂತು, ಈ ವಿದ್ಯೆಯೂ ಜೊತೆಗೆ ಬಂತು.

ಮಗಳು ಸುಧಾಳನ್ನು ಮಲ್ಲೇಶ್ವರದ ಹದಿನೈದನೇ ಕ್ರಾಸಿಗೆ ಕೊಟ್ಟೆವು. ಮದುವೆಯ ದಿನ ಅವಳು ಬೀಗರ ಕಾರಿನಲ್ಲಿ ಹೊರಟಳು, ನಾನು ಸ್ಕೂಟರಿನಲ್ಲಿ ಅದರ ಹಿಂದೆ. ಮೆಜೆಸ್ಟಿಕ್ಕಿನ ಸಿಗ್ನಲ್ಲಿನಲ್ಲಿ ಕಾರು ದಾಟಿತು, ನನಗೆ ಕೆಂಪು ಬಿತ್ತು. ಅಲ್ಲೇ ನಿಂತು ತೀರ್ಮಾನ ಮಾಡಿದೆ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರುವಾಗ ನನ್ನದೇ ಕಾರಿನಲ್ಲಿ ಕರೆತರುತ್ತೇನೆ.

ಕಾರು ಸಿಕ್ಕಿತು. ನಮ್ಮ ಬೀದಿಯ ವಕೀಲರೊಬ್ಬರು ಮಾರಿದರು. ಹಸಿರು ಬಣ್ಣ, ದುಂಡು ಮೂತಿ, ನೋಡಲು ತುಂಬಾ ಮರ್ಯಾದಸ್ಥ ಕಾರು. ಒಂದೇ ದುರಭ್ಯಾಸ, ಪೆಟ್ರೋಲು ಕುಡಿಯುತ್ತಿತ್ತು. ಹೆಂಡ ಕುಡಿಯುವವರಾದರೂ ನಡುವೆ ಒಂದು ದಿನ ಬಿಡುತ್ತಾರೆ. ಆ ಕಾಲದಲ್ಲಿ ಬುದ್ಧಿವಂತರೆಲ್ಲ ಪೆಟ್ರೋಲು ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಹಾಕಿಸುತ್ತಿದ್ದರು. ನಾನೂ ಬುದ್ಧಿವಂತನೇ ಅಲ್ಲವೇ. ಗುಜರಿಯಲ್ಲಿ ಸತ್ತು ಬಿದ್ದಿದ್ದ ಒಂದು ವ್ಯಾನಿನ ಇಂಜಿನ್ ತಂದು ಕಲಾಸಿಪಾಳ್ಯದ ಇಬ್ರಾಹಿಂ ಮೇಸ್ತ್ರಿಯ ಶೆಡ್ಡಿನಲ್ಲಿ ಇಳಿಸಿದೆ.

ಇಬ್ರಾಹಿಂ ಮಾತು ಕಮ್ಮಿ, ಬೀಡಿ ಜಾಸ್ತಿ. ಇಂಜಿನ್ ಭಾರ, ಒದರುವುದೂ ಹೆಚ್ಚು, ಇದಕ್ಕೆ ತಕ್ಕ ರಬ್ಬರ್ ಹುಡುಕಬೇಕು, ಎರಡು ವಾರ ಕೊಡಿ ಅಂದರು. ನಾನು ನಕ್ಕೆ. ಮೂವತ್ತು ವರ್ಷ ಗಿರಣಿ ನಡೆಸಿದವನಿಗೆ ಯಂತ್ರ ಕೂರಿಸುವುದನ್ನು ಹೇಳಿಕೊಡುತ್ತಾರಲ್ಲ ಅಂತ. ರಬ್ಬರ್ ಪಬ್ಬರ್ ಏನೂ ಬೇಡ, ದಪ್ಪ ಕಬ್ಬಿಣದ ತಗಡು ಇಟ್ಟು ಬೋಲ್ಟು ಬಿಗಿಯಿರಿ ಅಂದೆ. ಅವರು ಬೀಡಿ ಪೂರ್ತಿ ಸೇದಿ ಮುಗಿಸಿ, "ಕಾರು ನಿಮ್ಮದು ಅಣ್ಣಾ, ಹಲ್ಲೂ ನಿಮ್ಮದೇ" ಅಂದರು. ಆ ಮಾತಿನ ಅರ್ಥ ಆಗ ಆಗಲಿಲ್ಲ.

ಕಾರು ಸ್ಟಾರ್ಟ್ ಮಾಡಿದ ದಿನ ಅರ್ಥವಾಯಿತು. ಇಂಜಿನ್ ನಿಜಕ್ಕೂ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಾಡಿತು. ಕನ್ನಡಿಯಲ್ಲಿ ಹಿಂದಿನ ಒಂದು ಬಸ್ಸು ನಾಲ್ಕಾಗಿ ಕಾಣುತ್ತಿತ್ತು. ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಕುಣಿದು ಕುಣಿದು ಎರಡನೇ ದಿನವೇ ದಾರ ಹರಿದುಕೊಂಡು ಓಡಿಹೋದವು, ದೃಷ್ಟಿಗೇ ದೃಷ್ಟಿ ತಾಗಿತು. ನನ್ನ ಹೆಂಡತಿ ಜಯಮ್ಮ ಕೆಳದವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಿದ್ದಳು. ಬೀದಿಯವರು ಅದಕ್ಕೆ ಎರಡನೇ ಗಿರಣಿ ಅಂತ ಹೆಸರಿಟ್ಟರು. ನಾನು ಮಾತ್ರ, ಹೊಸದಲ್ಲವಾ, ಸರಿಹೋಗುತ್ತೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಹೇಳುವಾಗ ಸ್ವರ ನಡುಗುತ್ತಿದ್ದುದು ಕಾರಿನೊಳಗೆ ಕೂತಿದ್ದರಿಂದ, ಅಷ್ಟೇ.

ಇಲ್ಲಿ ಬೀಗಿತ್ತಿಯವರ ಪ್ರವೇಶ. ಕಮಲಮ್ಮನವರು ಅಳಿಯಂದಿರ ತಾಯಿ, ಮಲ್ಲೇಶ್ವರದ ಒಂದು ಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದು ರಿಟೈರಾದವರು. ಅವರ ಮುಂದೆ ನಿಂತರೆ ನನಗೆ ಇವತ್ತಿಗೂ ಉಗುರು ಕತ್ತರಿಸಿದೆಯಾ ಅಂತ ನೋಡಿಕೊಳ್ಳುವ ಹಾಗಾಗುತ್ತದೆ. ಸುಧಾಗೆ ಏಳು ತಿಂಗಳು ತುಂಬಿ, ಸೀಮಂತ ಮುಗಿದು, ನಾವು ಕರೆತರಲು ಹೋದೆವು. ಕಾರು ಅವರ ಗೇಟಿನ ಮುಂದೆ ನಿಂತಿತು. ಇಂಜಿನ್ ಆಫ್ ಮಾಡುವಷ್ಟರಲ್ಲಿ ಅವರ ಮನೆಯ ಕಿಟಕಿ ಗಾಜುಗಳೆಲ್ಲ ನಮ್ಮನ್ನು ಸ್ವಾಗತಿಸಿದ್ದವು.

ಕಮಲಮ್ಮನವರು ಬೈಯಲಿಲ್ಲ. ಡಾಕ್ಟರು ಕುಲುಕಾಟ ಕೂಡದು ಅಂದಿದ್ದಾರೆ, ಅದರಿಂದ ಒಂದು ಸಣ್ಣ ಪರೀಕ್ಷೆ ಮಾಡೋಣ ಅಂದರು. ಒಳಗೆ ಹೋಗಿ ಒಂದು ಮಣ್ಣಿನ ಕುಡಿಕೆ ತಂದರು. ಬೆಳಿಗ್ಗೆ ಹೆಪ್ಪುಗಟ್ಟಿದ ಮೊಸರು, ಮೇಲೆ ಕೆನೆ ಕನ್ನಡಿಯ ಹಾಗೆ. ಅದನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು. ಶೇಷಾದ್ರಿಪುರದವರೆಗೆ ಹೋಗಿ ಬರೋಣ ಅಂದರು. ಹೋದೆವು, ಬಂದೆವು. ಇಳಿದು ಕುಡಿಕೆಯೊಳಗೆ ನೋಡಿದರು, ಜಯಮ್ಮನಿಗೂ ತೋರಿಸಿದರು, ಕೊನೆಗೆ ನನ್ನ ಮೂಗಿನ ಕೆಳಗೆ ಹಿಡಿದರು. ಒಳಗೆ ತೆಳ್ಳಗೆ ಮಜ್ಜಿಗೆ. ಇನ್ನೆರಡು ಕ್ರಾಸ್ ಹೋಗಿದ್ದರೆ ಬೆಣ್ಣೆಯೂ ಬರುತ್ತಿತ್ತು.

"ಬೀಗರೇ, ಹಿಟ್ಟೂ ನೀವೇ ಬೀಸ್ತೀರಿ, ಮಜ್ಜಿಗೆನೂ ನೀವೇ ಕಡೀತೀರಿ. ಮಗು ಒಂದನ್ನ ಡಾಕ್ಟರಿಗೆ ಬಿಡಿ."

ಟ್ಯಾಕ್ಸಿ ತರುತ್ತೇನೆ ಅಂದೆ. ಟ್ಯಾಕ್ಸಿಯಲ್ಲೇ ಹೋಗುವುದಾದರೆ ಇಲ್ಲಿಂದ ಆಸ್ಪತ್ರೆ ಎರಡೇ ರಸ್ತೆ, ಚಾಮರಾಜಪೇಟೆಯವರೆಗೆ ಯಾಕೆ ಹೋಗಬೇಕು, ಬಾಣಂತನ ಇಲ್ಲೇ ಆಗಲಿ ಅಂದರು. ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಉತ್ತರ ಕೊಡುವ ವಿದ್ಯೆ ಐದನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೇನೋ. ಸುಧಾ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಬ್ಯಾಗು ಒಳಗಿಟ್ಟಳು. ಕಮಲಮ್ಮನವರಿಗೆ ಅದು ಕಂಡಿತು. ಮುಂದಿನ ಹುಣ್ಣಿಮೆವರೆಗೆ ಸಮಯ ಕೊಟ್ಟರು. ಮೊಸರು ಒಡೆಯದೆ ಬಂದರೆ ಹುಡುಗಿಯನ್ನು ಕಳಿಸುತ್ತೇನೆ, ಒಡೆದರೆ ಇಲ್ಲ.

ವಾಪಸ್ ಬರುವಾಗ ಜಯಮ್ಮ ದವಡೆ ಹಿಡಿದುಕೊಂಡಿರಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮನೆಗೆ ಬಂದು ಒಂದೇ ಮಾತು ಹೇಳಿದಳು. ಕೋಣೆ ಸುಣ್ಣ ಬಳಿಸಿದ್ದೇನೆ, ತೊಟ್ಟಿಲು ಅಟ್ಟದಿಂದ ಇಳಿಸಿದ್ದೇನೆ, ಇನ್ನು ನಿಮ್ಮ ಕಬ್ಬಿಣವನ್ನೇ ತಂದು ಅದರಲ್ಲಿ ಮಲಗಿಸಿ ತೂಗಿ.

ಮಾರನೇ ದಿನವೇ ಜೆ.ಸಿ. ರೋಡಿಗೆ ಹೋದೆ. ಆ ರಸ್ತೆಯಲ್ಲಿ ಕಾರಿನ ಯಾವ ಅಂಗ ಬೇಕಾದರೂ ಸಿಗುತ್ತದೆ, ಬುದ್ಧಿ ಒಂದು ಬಿಟ್ಟು. ಅಂಗಡಿಯವರು ಯಾವ ಕಾರು ಅಂದರು, ಹೇಳಿದೆ. ಯಾವ ವರ್ಷದ್ದು ಅಂದರು, ಹೇಳಿದೆ. ಇಂಜಿನ್ ಅಂದಾಗ ವ್ಯಾನಿನದು ಅಂದೆ. ಅವರು ಕನ್ನಡಕ ತೆಗೆದಿಟ್ಟರು.

"ಯಜಮಾನ್ರೇ, ರಬ್ಬರ್ ಕಾರಿಗೆ ಬೇಕೋ, ವ್ಯಾನಿಗೆ ಬೇಕೋ?"

ಇಬ್ಬರಿಗೂ ಒಪ್ಪುವಂಥದ್ದು ಅಂದೆ.

"ಹಂಗಾದ್ರೆ ಅಂಗಡಿಗೆ ಬಂದ್ರೆ ಆಗಲ್ಲ. ಜಾತಕ ತೋರಿಸ್ಬೇಕು."

ಅಂಗಡಿ ತುಂಬ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ನಗದೆ ಹೋದರೆ ಅಂಗಡಿಯಲ್ಲಿ ಬೆಲೆ ಇರುವುದಿಲ್ಲ. ಮೊದಲು ಕಾರಿನ ಸ್ವಂತ ಕುಲದ ರಬ್ಬರ್ ತಂದೆ. ಮಲ್ಲಿಗೆ ಇಡ್ಲಿಯಂಥ ಮೃದು. ಅದನ್ನು ಹಾಕಿದ ಮೇಲೆ ಸೀಟಿನಲ್ಲಿ ಕೂತರೆ ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ತಿಳಿಯದು, ಅಷ್ಟು ಸುಖ. ಆದರೆ ಇಂಜಿನ್ ಭಾರಕ್ಕೆ ಇಡ್ಲಿ ದೋಸೆಯಾಯಿತು. ಐದನೇ ಮೇನಿನ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಇಂಜಿನ್ ಮೈಮೇಲೆ ದೇವರು ಬಂದ ಹಾಗೆ ವಾಲಿತು, ಫ್ಯಾನು ಹೋಗಿ ರೇಡಿಯೇಟರನ್ನು ಕಚ್ಚಿತು. ರಸ್ತೆಯ ತುಂಬ ಬಿಸಿನೀರು. ಒಬ್ಬ ಅಜ್ಜಿ ರಂಗೋಲಿ ಅಳಿಸಿತೆಂದು ಬೈದರು.

ಆಮೇಲೆ ವ್ಯಾನಿನ ಕುಲದ ರಬ್ಬರ್. ಭಾರವನ್ನೇನೋ ಅದು ಹೊತ್ತಿತು, ಆದರೆ ಎತ್ತರ. ಇಂಜಿನ್ ಮೇಲಕ್ಕೆ ಬಂದು ಬಾನೆಟ್ಟು ನಾಲ್ಕು ಬೆರಳು ಮುಚ್ಚಲೊಲ್ಲದು. ರಾಗಿ ಮೂಟೆಯ ಹಗ್ಗದಿಂದ ಕಟ್ಟಿದೆ. ಮಲ್ಲೇಶ್ವರದ ಹೆಡ್‌ಮಿಸ್ ಮನೆಯ ಮುಂದೆ ಬಾಯಿಗೆ ಹಗ್ಗ ಕಟ್ಟಿದ ಕಾರು ತೆಗೆದುಕೊಂಡು ಹೋಗುವ ಧೈರ್ಯ ಇದ್ದವರು ಹೋಗಲಿ, ನಾನು ಹೋಗಲಿಲ್ಲ. ಮೂರನೆಯದು ನನ್ನ ಸ್ವಂತ ತಲೆಯಿಂದ ಹುಟ್ಟಿದ್ದು. ಲಾರಿ ಟೈರು ಕತ್ತರಿಸಿ ಒಂದರ ಮೇಲೊಂದು ಪೇರಿಸಿದೆ. ಅದರ ಆಯಸ್ಸು ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ.

ಹುಣ್ಣಿಮೆಗೆ ಆರು ದಿನ ಉಳಿದಾಗ ಇಬ್ರಾಹಿಂ ಶೆಡ್ಡಿಗೆ ಹೋಗಿ ಸುಮ್ಮನೆ ಸ್ಟೂಲಿನ ಮೇಲೆ ಕೂತೆ. ಅವರು ಟೀ ತರಿಸಿದರು. ಟೀ ಕುಡಿದ ಮೇಲೆ ಇಬ್ಬರೂ ಗುಜರಿಗೆ ಹೋದೆವು. ರಬ್ಬರಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವರು ಆರಿಸತೊಡಗಿದರು, ನಮ್ಮ ಹೆಂಗಸರು ತೆಂಗಿನಕಾಯಿ ಆರಿಸುವ ಹಾಗೆ. ಹೆಬ್ಬೆರಳ ಉಗುರು ಒತ್ತಿ ನೋಡುವುದು, ಎಷ್ಟು ಬೇಗ ಗುರುತು ಮಾಯವಾಗುತ್ತದೆ ಅಂತ. ನೆಲಕ್ಕೆ ಬೀಳಿಸಿ ನೋಡುವುದು, ಎಷ್ಟು ಪುಟಿಯುತ್ತದೆ ಅಂತ. ಅಂಚನ್ನು ಬಗ್ಗಿಸುವುದು, ಕಬ್ಬಿಣ ಬಿಟ್ಟುಕೊಂಡಿದೆಯಾ ಅಂತ. ಕಾರಿನ ಹೆಸರನ್ನು ಕೇಳಲೇ ಇಲ್ಲ. ಇಂಜಿನ್ನಿನ ತೂಕ ನೋಡಿ ರಬ್ಬರ್ ತಗೋಬೇಕು ಅಣ್ಣಾ, ಮನೆತನ ನೋಡಿ ಅಲ್ಲ ಅಂದರು. ಕಾರಿಗೂ ಸೇರದ, ವ್ಯಾನಿಗೂ ಸೇರದ, ಯಾವುದೋ ಮೂರನೇ ಗಾಡಿಯದು ಆಯ್ಕೆಯಾಯಿತು.

ರಬ್ಬರ್ ಕೂರಲು ಹೊಸ ಕಬ್ಬಿಣದ ಕಾಲುಗಳನ್ನು ಬೆಸುಗೆ ಹಾಕಿ ಎರಡೂ ಪಕ್ಕದ ರಬ್ಬರುಗಳನ್ನು ಒಳಕ್ಕೆ ವಾಲಿಸಿದರು, ಬೊಗಸೆಯಲ್ಲಿ ಹಿಡಿದ ಹಾಗೆ. ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಬೆರಳು ಇಟ್ಟು ಜಾಗ ಅಳೆದರು. ನನಗೆ ತಡೆಯಲಾಗಲಿಲ್ಲ, ಸ್ಪ್ಯಾನರ್ ತೆಗೆದುಕೊಂಡು ಬೋಲ್ಟು ಬಿಗಿಯಲು ಬಗ್ಗಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಬಿಗೀಬೇಡಿ ಅಣ್ಣಾ. ಸ್ಟಾರ್ಟ್ ಮಾಡಿ, ಒಂದಷ್ಟು ಕುಣೀಲಿ. ಅದರ ಜಾಗ ಅದೇ ನೋಡ್ಕೊಂಡು ಕೂತ್ಕೊಳ್ಳುತ್ತೆ. ಆಮೇಲೆ ಬಿಗೀರಿ."

ಇಂಜಿನ್ ಕುಣಿಯಿತು, ಹೊರಳಿತು, ಒಂದು ಸಲ ನಿಟ್ಟುಸಿರು ಬಿಟ್ಟು ಕೂತಿತು. ಅವರು ಆಮೇಲೆ ಒಂದೊಂದೇ ಬೋಲ್ಟು ಬಿಗಿದರು. ಮೂವತ್ತು ವರ್ಷ ಗಿರಣಿ ನಡೆಸಿದವನು ಪಕ್ಕದಲ್ಲಿ ಟಾರ್ಚು ಹಿಡಿದುಕೊಂಡಿದ್ದ. ಕೂತ ಮೇಲೂ ಆ ಇಂಜಿನ್ ಅಲ್ಲಾಡುತ್ತಲೇ ಇತ್ತು, ಬಾನೆಟ್ಟು ಎತ್ತಿ ನೋಡಿದರೆ ತೂಕಡಿಸುವವನ ತಲೆಯ ಹಾಗೆ. ಆದರೆ ಅಲ್ಲಾಟ ಅದರಲ್ಲೇ ಉಳಿಯುತ್ತಿತ್ತು, ಕಾರಿಗೆ ಬರುತ್ತಿರಲಿಲ್ಲ. ಮಾವ ಬದುಕಿದ್ದರೆ ಎಂಟಾಣೆ ಬಿತ್ತು ಅಂತ ಬೆನ್ನಿಗೆ ಹಾಕುತ್ತಿದ್ದರು.

ಹುಣ್ಣಿಮೆಯ ದಿನ ಕಮಲಮ್ಮನವರು ಹೊಸ ಕುಡಿಕೆಯೊಂದಿಗೆ ಕೂತರು. ಈ ಸಲ ಶೇಷಾದ್ರಿಪುರ ಸಾಲದು, ಚಾಮರಾಜಪೇಟೆಯವರೆಗೂ ಹೋಗಿ ಬರಬೇಕು ಅಂದರು. ಮೆಜೆಸ್ಟಿಕ್, ಗೂಡ್ಸ್ ಶೆಡ್ ರಸ್ತೆ, ಎಲ್ಲ ಹಳ್ಳಗಳಿಗೂ ಹೆಸರು ಹಿಡಿದು ನಮಸ್ಕಾರ ಹೇಳುತ್ತಾ ಓಡಿಸಿದೆ. ನನ್ನ ಹಿಂದೆ ಎತ್ತಿನ ಗಾಡಿಯವನೊಬ್ಬ ದಾರಿ ಬಿಡು ಅಂತ ಕೂಗಿದ. ಹೋಗಿ, ಬಂದು, ಹದಿನೈದನೇ ಕ್ರಾಸಿನಲ್ಲಿ ಇಳಿದರು. ಕುಡಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಕೆನೆ ಹಾಗೇ ಇತ್ತು. ಓರೆ ಮಾಡಿದರು, ನೀರು ಬಿಟ್ಟಿರಲಿಲ್ಲ. ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು, ಪರವಾಗಿಲ್ಲ ಅಂದರು. ಆ ಬಾಯಲ್ಲಿ ಪರವಾಗಿಲ್ಲ ಅಂದರೆ ಫಸ್ಟ್ ಕ್ಲಾಸ್ ಅಂತ ಅಳಿಯಂದಿರು ಆಮೇಲೆ ಗುಟ್ಟಾಗಿ ಹೇಳಿದರು. ಸುಧಾ ಅಷ್ಟರಲ್ಲಿ ಬ್ಯಾಗು ತಂದು ಡಿಕ್ಕಿಯ ಹತ್ತಿರ ನಿಂತಿದ್ದಳು. ಮನೆ ಸೇರುವವರೆಗೂ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದಳು.

ಇಲ್ಲಿಗೆ ಕಥೆ ಮುಗಿಸಿದ್ದರೆ ನಾನು ಜಾಣ. ಮುಗಿಸಲಿಲ್ಲ. ಇಷ್ಟು ಚೆನ್ನಾಗಿರುವುದು ಇನ್ನಷ್ಟು ಚೆನ್ನಾಗಬಾರದೇಕೆ ಅನ್ನುವ ಹುಳು ಹೊಕ್ಕಿತು. ಸುಧಾಗೆ ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಜೆ.ಸಿ. ರೋಡಿನ ಕನ್ನಡಕದವರು ಜಪಾನಿನ ರಬ್ಬರ್ ಬಂದಿದೆ, ಬೆಣ್ಣೆ ಅಂದರೆ ಬೆಣ್ಣೆ ಅಂದರು. ತಂದೆ. ಇಬ್ರಾಹಿಂ ಬೇಡ ಅಂದರು, ನಾನು ಒಂದೇ ದಿನ ಅಂದೆ. ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನಲ್ಲಿ ಇಂಜಿನ್ ಎತ್ತಿ ಸರಪಳಿಗೆ ನೇತುಹಾಕಿದ್ದಾಯಿತು. ಹನ್ನೊಂದಕ್ಕೆ ಪಕ್ಕದ ಅಂಗಡಿಗೆ ಫೋನ್ ಬಂತು. ಸುಧಾಗೆ ನೋವು ಶುರುವಾಗಿದೆ.

ಆಟೋದಲ್ಲಿ ಕರೆದುಕೊಂಡು ಹೋದೆವು. ಯಾವುದೋ ಕೇಬಲ್ಲಿಗೆಂದು ಅಗೆದ ರಸ್ತೆ. ಆ ಆಟೋಗೆ ಮೌಂಟಿಂಗ್ ಇತ್ತೋ, ಭಗವಂತನ ನಾಮಬಲದಲ್ಲೇ ಓಡುತ್ತಿತ್ತೋ. ಡ್ರೈವರು ಪುಣ್ಯಾತ್ಮ, ಯಾವ ಹಳ್ಳಕ್ಕೂ ಬೇಜಾರು ಮಾಡಲಿಲ್ಲ. ಅವನ ಪಕ್ಕ ಅರ್ಧ ಸೀಟಿನಲ್ಲಿ ನೇತಾಡುತ್ತಿದ್ದ ನನ್ನ ಕೈಯಲ್ಲಿ ಜಪಾನಿನ ರಬ್ಬರ್. ಎಲ್ಲಾದರೂ ಇಡಲು ತೋಚಲಿಲ್ಲ, ಹಿಡಿದುಕೊಂಡೇ ಇದ್ದೆ. ಪ್ರತಿ ಹಳ್ಳಕ್ಕೂ ಹಿಂದಿನಿಂದ ಮಗಳು ಅಪ್ಪಾ ಅನ್ನುತ್ತಿದ್ದಳು. ಅವಳು ನಾಲ್ಕು ವರ್ಷದವಳಿದ್ದಾಗ ಗಿರಣಿಯ ಸದ್ದಿಗೆ ಹೆದರಿ ಹಾಗೇ ಕೂಗುತ್ತಿದ್ದಳು. ಆಗಲೂ ನಾನು ಬೋಲ್ಟು ಬಿಗಿಯುತ್ತಾ ಇರುತ್ತಿದ್ದೆ.

ಆಸ್ಪತ್ರೆ ಸೇರಿದ ಮುಕ್ಕಾಲು ಗಂಟೆಗೆ ಹೆಣ್ಣುಮಗು, ಇದೇ ಅಪೂರ್ವ. ತಾಯಿ, ಮಗು ಇಬ್ಬರೂ ಕ್ಷೇಮ. ಕಮಲಮ್ಮನವರು ಮಲ್ಲೇಶ್ವರದಿಂದ ಓಡಿಬಂದವರು ಮಗು ನೋಡಿ, ಕಣ್ಣೊರೆಸಿಕೊಂಡು, ಹೊರಗೆ ಬಂದು ಕಾರು ಎಲ್ಲಿ ಅಂದರು. ನೇತಾಡುತ್ತಿದೆ ಅಂದೆ. ನನ್ನ ಕೈಯಲ್ಲಿದ್ದುದನ್ನು ನೋಡಿದರು. ತಿರುಗಿ ಮಗುವಿನ ಹತ್ತಿರ ಹೋದರು. ಬೈದಿದ್ದರೇ ವಾಸಿ ಇತ್ತು.

ಆ ರಬ್ಬರನ್ನು ನಾನು ಹಾಕಿಸಲೇ ಇಲ್ಲ, ಗಿರಣಿಯ ಹಳೇ ಸಾಮಾನಿನ ಪೆಟ್ಟಿಗೆಗೆ ಹಾಕಿದೆ. ಇಬ್ರಾಹಿಂ ಹಳೆಯದನ್ನೇ ಕೂರಿಸಿ, ಕುಣಿಸಿ, ಬಿಗಿದು ಕೊಟ್ಟರು. ಐದನೇ ದಿನ ಮಗುವನ್ನು ಮನೆಗೆ ತರಬೇಕು. ನನಗೆ ಸ್ಟೀರಿಂಗ್ ಮುಟ್ಟುವ ಮುಖ ಇರಲಿಲ್ಲ, ಅಳಿಯಂದಿರು ಓಡಿಸುತ್ತೇನೆ ಅಂದರು. ಹಿಂದೆ ಜಯಮ್ಮ, ಸುಧಾ. ನಾನು ಮುಂದೆ ಕೂತೆ. ಕಮಲಮ್ಮನವರು ಹಿಂದೆ ಹತ್ತುವ ಮೊದಲು ನನ್ನ ಪಕ್ಕದ ಬಾಗಿಲು ತೆಗೆದರು. ಮೆತ್ತನೆ ಬಟ್ಟೆಯ ಗಂಟೊಂದನ್ನು ನನ್ನ ಮಡಿಲಲ್ಲಿಟ್ಟರು.

"ಇವತ್ತು ಕುಡಿಕೆ ನೀವು ಹಿಡ್ಕೊಳ್ಳಿ."

ದಾರಿ ಉದ್ದಕ್ಕೂ ನಾನು ಉಸಿರು ಬಿಟ್ಟೆನೋ ಇಲ್ಲವೋ. ಗಂಟಿನೊಳಗೆ ಕಡಲೆಬೇಳೆಯಷ್ಟು ಮೂಗು. ಹಣೆಯಲ್ಲಿ ಒಂದು ಗೆರೆ, ಅದು ನನ್ನ ತಾಯಿಯದು. ತುಟಿ ಬಿಗಿದುಕೊಂಡಿದ್ದುದು ಮಾತ್ರ ಹೆಡ್‌ಮಿಸ್ ಅವರದು. ಅಗೆದ ರಸ್ತೆಯೂ ಬಂತು, ಹಳ್ಳವೂ ಬಂತು, ಆ ಗೆರೆ ಕದಲಲಿಲ್ಲ. ಮನೆ ಮುಂದೆ ಕಾರು ನಿಂತಿತು. ಒಳಗಿನಿಂದ ಆರತಿ ತರಲು ಜಯಮ್ಮ ಓಡಿದಳು. ನಾನು ಇಳಿಯಲಿಲ್ಲ, ಕೂತೇ ಇದ್ದೆ.

ಕಮಲಮ್ಮನವರು ಇಳಿದು ಬಂದು, ಬಗ್ಗಿ ಮಗುವನ್ನು ನೋಡಿದರು, ಆಮೇಲೆ ನನ್ನ ಕೈಗಳನ್ನು ನೋಡಿದರು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಬೀಗರೇ, ಇಂಜಿನ್ ಆಗಲೇ ಆಫ್ ಆಯ್ತು. ನೀವಿನ್ನೂ ನಡುಗ್ತಾ ಇದ್ದೀರಿ."